ಯಾವ ಪ್ರತಿಯನ್ನು ಓದಿದರು? ಹುಸಿ ಜೀನ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಪತ್ರಗಳಲ್ಲಿ ಸ್ಯೂಡೋಜೀನ್‌ಗೆ, ಅಂದರೆ ಹುಸಿ ಜೀನ್‌ಗೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಸ್ಯೂಡೋಜೀನ್ ಅಂದರೆ ‘ಕೆಟ್ಟುಹೋದ ಜೀನ್’ ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇನೆ. ಅಷ್ಟು ಸಾಕೇ? ಇವು ಎಷ್ಟಿವೆ, ಹೇಗೆ ಹುಟ್ಟುತ್ತವೆ?
— ಉಪನ್ಯಾಸಕರು, ಕೊಪ್ಪಳ

ಉತ್ತರ: ಸಾಲದು. ಕೆಟ್ಟಿದೆ ಎಂದರೆ ಅದು ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ, ಪಾಠದ ಸ್ವಾರಸ್ಯ ಇರುವುದೇ ಅಲ್ಲಿ. ಉದಾಹರಣೆ ನಿಮ್ಮೂರ ಬೆಟ್ಟದ ಮೇಲೆಯೇ ಇದೆ. ಗವಿಮಠದಲ್ಲೂ ಪಲ್ಕಿಗುಂಡಿನಲ್ಲೂ ಇರುವುದು ಅಶೋಕನ ಒಂದೇ ಕಿರುಶಾಸನದ ಪ್ರತಿಗಳು. ಗವಿಮಠದ್ದು ಚೆನ್ನಾಗಿ ಉಳಿದಿದೆ, ಪಲ್ಕಿಗುಂಡಿನದು ಬಹಳ ಸವೆದಿದೆ. ಸವೆದ ಬಂಡೆಯಿಂದ ರಾಜಾಜ್ಞೆಯನ್ನು ಪೂರ್ತಿ ಓದಲಾಗದು. ಆದರೆ ಉಳಿದಷ್ಟು ಅಕ್ಷರಗಳನ್ನು ಗವಿಮಠದ, ಮಸ್ಕಿಯ, ನಿಟ್ಟೂರಿನ ಪ್ರತಿಗಳ ಪಕ್ಕ ಇಟ್ಟು ನೋಡಿದರೆ ಮೂಲ ಒಂದೇ ಎಂದು ಗೊತ್ತಾಗುತ್ತದೆ. ಜೀನ್ ಕುಟುಂಬ ಎಂದರೆ ಹೀಗೆ ಒಂದೇ ಮೂಲದಿಂದ ಬಂದ ಪ್ರತಿಗಳ ಗುಂಪು, ಅದರೊಳಗಿನ ಸವೆದ ಪ್ರತಿಯೇ ಹುಸಿ ಜೀನ್. ಈ ಹೆಸರು ಬಂದದ್ದು 1977ರಲ್ಲಿ, ಆಫ್ರಿಕದ ಒಂದು ಕಪ್ಪೆಯಲ್ಲಿ 5ಎಸ್ ಎಂಬ ಆರ್‌ಎನ್‌ಎ ತಯಾರಿಸುವ ಡಿಎನ್‌ಎಯನ್ನು ಓದುವಾಗ.

ಪ್ರತಿ ಎರಡು ಬಗೆಯಲ್ಲಿ ಆಗುತ್ತದೆ. ಮೊದಲನೆಯದರಲ್ಲಿ ಡಿಎನ್‌ಎಯ ಒಂದು ಉದ್ದನೆಯ ತುಂಡು ಇದ್ದ ಹಾಗೆಯೇ ಎರಡಾಗುತ್ತದೆ. ಎಕ್ಸಾನ್ (ಸಂದೇಶದಲ್ಲಿ ಉಳಿಯುವ ಭಾಗ), ಇಂಟ್ರಾನ್ (ನಡುವೆ ಇದ್ದು ಸಂದೇಶದಿಂದ ಕತ್ತರಿಸಿಹೋಗುವ ಭಾಗ), ಅಕ್ಕಪಕ್ಕದ ನಿಯಂತ್ರಣ ಭಾಗ ಎಲ್ಲವೂ ಜೊತೆಗೇ ಬರುತ್ತವೆ, ಹೊಸ ಪ್ರತಿ ಸಾಮಾನ್ಯವಾಗಿ ಹಳೆಯದರ ನೆರೆಮನೆಯಲ್ಲೇ ಇರುತ್ತದೆ. ಎರಡನೆಯದು ಡಂಗುರ ಸಾರಿದ್ದನ್ನು ಕೇಳಿಸಿಕೊಂಡು ಬೇರೆ ಊರಿನ ಬಂಡೆಯ ಮೇಲೆ ಬರೆದ ಹಾಗೆ. ಜೀನ್‌ನಿಂದ ಹೊರಟ ಸಂದೇಶವನ್ನು, ಅಂದರೆ ಎಂಆರ್‌ಎನ್‌ಎಯನ್ನು, ಲೈನ್-1 ಎಂಬ ಜಿಗಿಯುವ ಡಿಎನ್‌ಎಯ ಕಿಣ್ವ ಹಿಡಿದು, ಮತ್ತೆ ಡಿಎನ್‌ಎ ಮಾಡಿ, ಎಲ್ಲೋ ಒಂದು ಕಡೆ ಸೇರಿಸಿಬಿಡುತ್ತದೆ. ಎಂಆರ್‌ಎನ್‌ಎಯಲ್ಲಿ ಇಂಟ್ರಾನ್ ಇರುವುದಿಲ್ಲ, ಹಾಗಾಗಿ ಈ ಪ್ರತಿಯಲ್ಲೂ ಇರುವುದಿಲ್ಲ. ಕೊನೆಯಲ್ಲಿ ‘ಎ’ ಅಕ್ಷರಗಳ ಬಾಲ ಇರುತ್ತದೆ. ಜೀನನ್ನು ಚಾಲೂ ಮಾಡುವ ಪ್ರೊಮೋಟರ್ ಮೂಲದಲ್ಲೇ ಉಳಿದುಹೋಗಿರುವುದರಿಂದ ಈ ಪ್ರತಿ ಬಹುತೇಕ ಹುಟ್ಟುವಾಗಲೇ ಮೂಕ.

ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಗುರುತಿಸಿರುವ ಹುಸಿ ಜೀನ್‌ಗಳು 14,000ಕ್ಕೂ ಹೆಚ್ಚು, ಅವುಗಳಲ್ಲಿ ಸುಮಾರು 10,000 ಈ ಎರಡನೆಯ ಬಗೆಯವು. ಬೀಜಕೋಶಗಳಲ್ಲಿ (ಅಂಡಾಣು, ವೀರ್ಯಾಣು ಆಗುವ ಕೋಶಗಳಲ್ಲಿ) ಯಾವ ಜೀನ್‌ನ ಸಂದೇಶ ಹೆಚ್ಚು ಓಡಾಡುತ್ತದೆಯೋ ಅದರ ಪ್ರತಿಗಳೂ ಹೆಚ್ಚು: ರೈಬೋಸೋಮ್‌ನ ಸುಮಾರು 80 ಪ್ರೋಟೀನ್‌ಗಳ ಜೀನ್‌ಗಳಿಗೆ ಹುಸಿ ಪ್ರತಿಗಳು ಸುಮಾರು 2,000.

ತರಗತಿಯಲ್ಲಿ ಮಾಡಿಸಲು ಒಂದು ಕೆಲಸ. ‘ಶುರು’ ಪದವಾದ ಎಟಿಜಿಯಿಂದ ಹೊರಡುವ 30 ಡಿಎನ್‌ಎ ಅಕ್ಷರಗಳ ಸಾಲನ್ನು ಬೋರ್ಡಿನ ಮೇಲೆ ಬರೆದು, ಮೂರು ಮೂರಾಗಿ ಒಡೆದು ಓದಿಸಿ. ಆಮೇಲೆ ನಡುವಿನ ಒಂದು ಅಕ್ಷರ ಅಳಿಸಿ ಮತ್ತೆ ಓದಿಸಿ. ಅಲ್ಲಿಂದ ಮುಂದಿನ ಪ್ರತಿ ಪದವೂ ಬದಲಾಗುತ್ತದೆ, ಟಿಎಎ, ಟಿಎಜಿ, ಟಿಜಿಎ ಎಂಬ ಮೂರು ‘ನಿಲ್ಲು’ ಪದಗಳಲ್ಲಿ ಒಂದು ಬೇಗನೆ ಎದುರಾಗುವ ಸಂಭವ ಹೆಚ್ಚು. ಇನ್ನೊಂದು ಸಲ ಮೂರು ಅಕ್ಷರ ಅಳಿಸಿ ತೋರಿಸಿ: ಒಂದೆರಡು ಪದ ಹೋಗುತ್ತದೆ, ಮುಂದಿನ ಸಾಲು ಉಳಿಯುತ್ತದೆ. ಎಲ್ಲ ಅಳಿಸುವಿಕೆಯೂ ಒಂದೇ ಅಲ್ಲ ಎಂಬುದು ಹೀಗೆ ಮನಸ್ಸಿಗೆ ಹತ್ತುತ್ತದೆ.

ಪ್ರಶ್ನೆ: ನಮ್ಮ ಮಗಳಿಗೆ ಹುಟ್ಟಿದ ಎರಡನೇ ವಾರ ವಾಂತಿ, ನಿತ್ರಾಣ. 17-ಒಎಚ್‌ಪಿ ಎಂಬ ಹಾರ್ಮೋನ್ ಬಹಳ ಹೆಚ್ಚಿದೆ, ಇದು ಸಿಎಎಚ್ (ಅಡ್ರಿನಲ್ ಗ್ರಂಥಿಯ ಹುಟ್ಟು ದೋಷ) ಎಂದರು. ಔಷಧಿ ನಡೆದಿದೆ, ಈಗ ಚೆನ್ನಾಗಿದ್ದಾಳೆ. ಆದರೆ ಜೀನ್ ಪರೀಕ್ಷೆಯಲ್ಲಿ ಒಂದು ಲ್ಯಾಬ್ ‘ದೋಷ ಕಂಡುಬಂದಿಲ್ಲ’ ಎಂದಿತು. ಇನ್ನೊಂದು ‘ದೋಷ ಇದೆ, ಹುಸಿ ಜೀನ್‌ನ ಹೋಲಿಕೆಯಿಂದಾಗಿ ಖಚಿತಪಡಿಸಿಕೊಳ್ಳಬೇಕು’ ಎಂದಿತು. ನಮ್ಮದು ಸೋದರಮಾವನ ಸಂಬಂಧದ ಮದುವೆ. ಯಾವುದನ್ನು ನಂಬಬೇಕು?
— ತಂದೆ-ತಾಯಿ, ಮಾನ್ವಿ

ಉತ್ತರ: ಮೊದಲು ಒಂದು ಮಾತು. ಜೀನ್ ವರದಿ ಏನೇ ಹೇಳಲಿ, ಹೈಡ್ರೊಕಾರ್ಟಿಸೋನ್ ಮತ್ತು ಫ್ಲುಡ್ರೊಕಾರ್ಟಿಸೋನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಒಂದು ಹೊತ್ತೂ ನಿಲ್ಲಿಸಬೇಡಿ. ‘ದೋಷ ಇಲ್ಲ’ ಎಂಬ ಕಾಗದ ನೋಡಿ ಔಷಧಿ ಬಿಟ್ಟರೆ ಮೈಯ ಉಪ್ಪಿನಂಶ ಕುಸಿದು ಮಗುವಿನ ಜೀವಕ್ಕೇ ಅಪಾಯ. ಜ್ವರ, ವಾಂತಿ-ಭೇದಿ ಬಂದಾಗ ಹೈಡ್ರೊಕಾರ್ಟಿಸೋನ್ ಡೋಸ್ ಎಷ್ಟು ಹೆಚ್ಚಿಸಬೇಕು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಯಾವ ಇಂಜೆಕ್ಷನ್ ಕೊಡಿಸಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಮನೆಯಲ್ಲಿ ಕಣ್ಣಿಗೆ ಬೀಳುವ ಕಡೆ ಇಡಿ. ರೋಗವನ್ನು ಹೇಳಿದ್ದು ಹಾರ್ಮೋನ್ ಪರೀಕ್ಷೆ ಮತ್ತು ಮಗುವಿನ ಸ್ಥಿತಿ. ಜೀನ್ ಪರೀಕ್ಷೆ ಅದಕ್ಕೆ ಬೆಂಬಲ, ಮುಂದಿನ ಬಸಿರಿಗೆ ದಾರಿ.

ಇನ್ನು ಎರಡು ವರದಿ ಏಕೆ ಬೇರೆ. ಸಿಎಎಚ್‌ನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳಿಗೆ ಕಾರಣ ಸಿವೈಪಿ21ಎ2 ಎಂಬ ಜೀನ್. ಇದು 6ನೇ ಕ್ರೋಮೋಸೋಮಿನಲ್ಲಿದೆ. ಸುಮಾರು 30,000 ಅಕ್ಷರಗಳ ಆಚೆ ಇದರ ಹುಸಿ ಅವಳಿ ಸಿವೈಪಿ21ಎ1ಪಿ ಇದೆ. ಎಕ್ಸಾನ್ ಭಾಗದಲ್ಲಿ ಎರಡಕ್ಕೂ ನೂರಕ್ಕೆ 98ರಷ್ಟು ಹೋಲಿಕೆ. ಹುಸಿಯಲ್ಲಿ 3ನೇ ಎಕ್ಸಾನಿನ 8 ಅಕ್ಷರಗಳು ಹಾರಿಹೋಗಿವೆ, 7ನೇ ಎಕ್ಸಾನಿನಲ್ಲಿ ಒಂದು ‘ಟಿ’ ಹೆಚ್ಚಾಗಿ ಸೇರಿದೆ, 8ನೇ ಎಕ್ಸಾನಿನಲ್ಲಿ ಸಿಎಜಿ ಇರಬೇಕಾದಲ್ಲಿ ಟಿಎಜಿ, ಅಂದರೆ ‘ನಿಲ್ಲು’, ಇದೆ.

ಹುಸಿ ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದರೆ ತೊಂದರೆ ಇರಲಿಲ್ಲ. ಬೀಜಕೋಶ ತಯಾರಾಗುವಾಗ ಕ್ರೋಮೋಸೋಮುಗಳು ಜೋಡಿಯಾಗಿ ನಿಲ್ಲುತ್ತವೆ. ಆಗ ಹೋಲಿಕೆಗೆ ಮೋಸಹೋಗಿ ಅಸಲಿಯ ಎದುರು ಹುಸಿ ನಿಲ್ಲಬಹುದು. ಹುಸಿಯ ಕೆಲವು ಅಕ್ಷರಗಳು ಅಸಲಿಯೊಳಗೆ ನಕಲಾಗುತ್ತವೆ, ಇದಕ್ಕೆ ಜೀನ್ ಕನ್ವರ್ಷನ್ ಎನ್ನುತ್ತಾರೆ. ಇಲ್ಲವೇ ನಡುವಿನ 30,000 ಅಕ್ಷರಗಳೇ ಕಳಚಿಹೋಗಿ, ತಲೆ ಹುಸಿಯದು, ಬಾಲ ಅಸಲಿಯದು ಎಂಬಂಥ ಬೆರಕೆ ಜೀನ್ ಉಳಿಯುತ್ತದೆ. ಈ ರೋಗದ ಬಹುಪಾಲು ದೋಷಗಳು ಹೊಸದಾಗಿ ಹುಟ್ಟಿದವಲ್ಲ, ಪಕ್ಕದ ಹುಸಿಯಿಂದ ಎರವಲು ಬಂದವು. ಲ್ಯಾಬಿನ ಕಷ್ಟ ಇಲ್ಲಿಂದಲೇ ಶುರು: ಟಿಎಜಿ ಕಂಡಿತು, ಸರಿ, ಅದು ಯಾವ ಪ್ರತಿಯಲ್ಲಿ ಕಂಡಿತು?

ಈಗ ಹೆಚ್ಚಾಗಿ ಮಾಡುವ ಎನ್‌ಜಿಎಸ್ ಪರೀಕ್ಷೆ ಡಿಎನ್‌ಎಯನ್ನು ಸುಮಾರು 150 ಅಕ್ಷರಗಳ ಚೂರುಗಳಾಗಿ ಓದುತ್ತದೆ. ಇಷ್ಟು ಚಿಕ್ಕ ಚೂರು ಎರಡೂ ಕಡೆ ಸರಿಹೊಂದಿದರೆ ಕಂಪ್ಯೂಟರ್ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬಿಟ್ಟುಬಿಡಬಹುದು, ತಪ್ಪು ಕಡೆಗೂ ಸೇರಿಸಬಹುದು. ದೋಷದ ಚೂರು ಹುಸಿಯ ಲೆಕ್ಕಕ್ಕೆ ಹೋದರೆ ವರದಿ ‘ದೋಷ ಇಲ್ಲ’ ಎನ್ನುತ್ತದೆ. ಹುಸಿಯ ಚೂರು ಅಸಲಿಯ ಲೆಕ್ಕಕ್ಕೆ ಬಂದರೆ ಇಲ್ಲದ ದೋಷ ಕಾಣುತ್ತದೆ. ನಿಮ್ಮ ಎರಡನೇ ವರದಿ ‘ಖಚಿತಪಡಿಸಿಕೊಳ್ಳಬೇಕು’ ಎಂದದ್ದು ಪ್ರಾಮಾಣಿಕ ಮಾತು. ಅದನ್ನು ಹಿಡಿದು ಮುಂದಿನ ಹೆಜ್ಜೆ ಇಡಿ.

ಲ್ಯಾಬಿಗೆ ಅಥವಾ ಜೆನೆಟಿಕ್ಸ್ ವೈದ್ಯರಿಗೆ ಕೇಳಬೇಕಾದ್ದು ಇಷ್ಟು. ಅಸಲಿ ಜೀನನ್ನು ಮಾತ್ರ ಎತ್ತಿಕೊಳ್ಳುವ ಲಾಂಗ್-ರೇಂಜ್ ಪಿಸಿಆರ್ (ಉದ್ದನೆಯ ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿ ಆಮೇಲೆ ಓದಿದ್ದಾರೆಯೇ? ಇದರಲ್ಲಿ ಪ್ರೈಮರನ್ನು, ಅಂದರೆ ನಕಲು ಶುರು ಮಾಡುವ ಚಿಕ್ಕ ಡಿಎನ್‌ಎ ಚೂರನ್ನು, ಹುಸಿಯಲ್ಲಿ ಇಲ್ಲದ ಅಕ್ಷರಗಳ ಮೇಲೆ ಕೂರಿಸುತ್ತಾರೆ, ಆ 8 ಅಕ್ಷರಗಳ ಜಾಗ ಅದಕ್ಕೆ ಅನುಕೂಲ. ಎರಡನೆಯದು, ಎಂಎಲ್‌ಪಿಎ ಮಾಡಿ ಜೀನ್‌ನ ಪ್ರತಿಗಳನ್ನು ಎಣಿಸಿದ್ದಾರೆಯೇ? ಇಡೀ ಜೀನ್ ಕಳಚಿಹೋಗಿದ್ದರೆ ಓದುವ ಪರೀಕ್ಷೆಗೆ ಓದಲು ಏನೂ ಇರುವುದಿಲ್ಲ, ಎಣಿಕೆಯೊಂದೇ ಅದನ್ನು ಹಿಡಿಯುತ್ತದೆ. ಎಣಿಕೆ ಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಕೆಲವರ ಒಂದೇ ಕ್ರೋಮೋಸೋಮಿನಲ್ಲಿ ಅಸಲಿ ಜೀನ್ ಎರಡಿದ್ದು, ಒಂದರಲ್ಲಿ ಟಿಎಜಿ ಇದ್ದರೂ ಇನ್ನೊಂದು ಸರಿಯಾಗಿರುತ್ತದೆ. ಅಂಥವರನ್ನು ಎಣಿಸದೆ ‘ವಾಹಕರು’ ಎಂದು ಬರೆದರೆ ತಪ್ಪಾಗುತ್ತದೆ. ಮೂರನೆಯದು, ನಿಮ್ಮಿಬ್ಬರ ರಕ್ತ. ಮಗುವಿನಲ್ಲಿ ಎರಡು ಬೇರೆ ದೋಷ ಕಂಡರೆ ಅವು ಒಂದೇ ಕಡೆಯಿಂದ ಬಂದವೋ, ತಂದೆಯಿಂದ ಒಂದು ತಾಯಿಯಿಂದ ಒಂದು ಬಂದವೋ ಎಂಬುದು ನಿಮ್ಮ ಸ್ಯಾಂಪಲ್ ಇಲ್ಲದೆ ಗೊತ್ತಾಗುವುದಿಲ್ಲ. ಮೂವರ ರಕ್ತವನ್ನೂ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ, ಹೆಸರು ಅದಲು ಬದಲಾಗದಂತೆ ನಿಮ್ಮ ಕಣ್ಣೆದುರೇ ಬರೆಸಿ ಕಳಿಸಿ.

ಸಂಬಂಧದ ಮದುವೆಯ ವಿಷಯ: ಇದು ಯಾರ ತಪ್ಪೂ ಅಲ್ಲ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕನೇ ಒಂದು ಭಾಗ ಜೀನ್‌ಗಳು ಒಂದೇ ಹಿರಿಯರಿಂದ ಬಂದಿರುತ್ತವೆ. ಹಾಗಾಗಿ ಮನೆತನದಲ್ಲಿ ಸದ್ದಿಲ್ಲದೆ ಇದ್ದ ಒಂದೇ ದೋಷ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದು ಸಂಭವ, ಮೊದಲ ಮಗುವಿಗೆ ಬಂದಿದೆ ಎಂದು ಎರಡನೆಯದಕ್ಕೆ ಕಡಿಮೆಯಾಗುವುದಿಲ್ಲ. ಇನ್ನೊಂದು ಮಗು ಬೇಕೆಂದಿದ್ದರೆ ಬಸಿರಾಗುವ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳಿ. ಮನೆಯ ದೋಷ ಯಾವುದೆಂದು ಗೊತ್ತಿಲ್ಲದೆ ಗರ್ಭದಲ್ಲಿ ಹುಡುಕುವುದು ಕಷ್ಟ, ಸಮಯವೂ ಸಿಗುವುದಿಲ್ಲ.

ಪ್ರಶ್ನೆ: ಕಾಲ ಹೆಬ್ಬೆರಳು ಊದಿ ರಾತ್ರಿ ನಿದ್ದೆ ಇಲ್ಲ. ಯೂರಿಕ್ ಆಸಿಡ್ 8.9 ಬಂದಿದೆ. ನಮ್ಮ ಎತ್ತುಗಳು ದಿನವೆಲ್ಲ ಕಾಲ ಮೇಲೇ ಇರುತ್ತವೆ, ಅವಕ್ಕೇಕೆ ಈ ಬೇನೆ ಇಲ್ಲ?
— ರೈತರು, ಸಿರುಗುಪ್ಪ

ಉತ್ತರ: ಎತ್ತಿನ ಯಕೃತ್ತಿನಲ್ಲಿ ಯೂರಿಕೇಸ್ ಎಂಬ ಕಿಣ್ವ ಇದೆ. ಅದು ಯೂರಿಕ್ ಆಮ್ಲವನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟೋಯಿನ್ ಆಗಿ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಮನುಷ್ಯರಲ್ಲಿ ಆ ಜೀನ್ 1ನೇ ಕ್ರೋಮೋಸೋಮಿನಲ್ಲಿ ಈಗಲೂ ಇದೆ, ಆದರೆ ನಡುವೆಯೇ ‘ನಿಲ್ಲು’ ಪದಗಳು ಬಿದ್ದು ಕೆಲಸ ನಿಂತಿದೆ. ಚಿಂಪಾಂಜಿ, ಗೊರಿಲ್ಲಾಗಳಿಗೂ ಇದೇ ಸ್ಥಿತಿ. ಸಿಎಎಚ್ ಜೀನ್‌ನಂತೆ ಅಸಲಿ ಒಂದು, ಹುಸಿ ಒಂದು ಎಂದಿಲ್ಲ, ಇದ್ದ ಒಂದೇ ಜೀನ್ ಹುಸಿಯಾಗಿದೆ. ಕೂಡು ಕುಟುಂಬದಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರು ಹೊಲಕ್ಕೆ ಹೋಗುತ್ತಾರೆ, ಇಲ್ಲಿ ಹೋಗಲು ಇನ್ನೊಬ್ಬರಿಲ್ಲ. ವಿಟಮಿನ್ ಸಿ ತಯಾರಿಸುವ ಜೀನ್‌ನ ಕತೆಯೂ ಇದೇ: ಆಡು ತನ್ನ ಯಕೃತ್ತಿನಲ್ಲೇ ಮಾಡಿಕೊಳ್ಳುತ್ತದೆ, ನಾವು ನೆಲ್ಲಿಕಾಯಿ, ಪೇರಲ, ನಿಂಬೆಯಿಂದ ಪಡೆಯಬೇಕು.

ಮೈಯ ಶಾಖದಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿ.ಗ್ರಾಂ.ವರೆಗೆ ಯೂರಿಕ್ ಆಮ್ಲ ಕರಗಿರುತ್ತದೆ. ಅದನ್ನು ಮೀರಿದರೆ ಹರಳುಗಟ್ಟಬಹುದು. ಮೈಯ ಬೇರೆ ಭಾಗಕ್ಕಿಂತ ತಂಪಾಗಿರುವ ಕಾಲ ಬೆರಳಿನ ಕೀಲಿನಲ್ಲಿ ಮೊದಲು ಕೂರುತ್ತದೆ. ಚಿಕಿತ್ಸೆಯಲ್ಲಿ ಮಟ್ಟವನ್ನು 6ಕ್ಕಿಂತ ಕೆಳಗೆ ಇಳಿಸಿ ಅಲ್ಲೇ ಉಳಿಸುತ್ತಾರೆ. ನೋವು ಹೋಯಿತೆಂದು ಮಾತ್ರೆ ಬಿಟ್ಟರೆ ಹರಳು ಕರಗುವುದಿಲ್ಲ, ಬೇನೆ ಮತ್ತೆ ಬರುತ್ತದೆ. ಬಿಯರ್, ಕುರಿಯ ಲಿವರ್-ಬೋಟಿ ದೂರ ಇಡಿ. ತೊಗರಿಬೇಳೆಗೆ ಹೆದರಿ ಊಟ ಕೆಡಿಸಿಕೊಳ್ಳಬೇಡಿ, ಬೇಳೆಯ ಪ್ಯೂರಿನ್‌ನಿಂದ (ಮೈಯಲ್ಲಿ ಯೂರಿಕ್ ಆಮ್ಲವಾಗುವ ಅಂಶದಿಂದ) ಮಾಂಸದಷ್ಟು ತೊಂದರೆ ಇಲ್ಲ. ಕೋಳಿ ಹಿಕ್ಕೆಯ ಬಿಳಿ ಭಾಗವೂ ಯೂರಿಕ್ ಆಮ್ಲವೇ, ಹಕ್ಕಿಗಳಲ್ಲೂ ಈ ಕಿಣ್ವ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಕೋಶಗಳಿಂದ ಆರ್‌ಎನ್‌ಎ ತೆಗೆದು ಆರ್‌ಟಿ-ಪಿಸಿಆರ್ ಮಾಡುತ್ತಿದ್ದೇನೆ. ರೆಫರೆನ್ಸ್ ಜೀನ್, ಅಂದರೆ ಬೇರೆ ಜೀನ್‌ಗಳನ್ನು ಹೋಲಿಸಲು ಇಟ್ಟದ್ದು, ಬೀಟಾ ಆಕ್ಟಿನ್. ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬಿನಲ್ಲೂ ಅದೇ ಅಳತೆಯ ಬ್ಯಾಂಡ್ ಬರುತ್ತದೆ. ಪ್ರೈಮರ್‌ಗಳು ಇಂಟ್ರಾನಿನ ಎರಡೂ ಬದಿಯ ಎಕ್ಸಾನ್‌ಗಳಲ್ಲಿವೆ, ಡಿಎನ್‌ಎ ಬೆರೆತಿದ್ದರೆ ಬ್ಯಾಂಡ್ ದೊಡ್ಡದಿರಬೇಕಲ್ಲವೇ?
— ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಅಸಲಿ ಜೀನ್‌ನ ಡಿಎನ್‌ಎಗೆ ಮಾತ್ರ ನಿಮ್ಮ ತರ್ಕ ಸರಿ. ಬೀಟಾ ಆಕ್ಟಿನ್‌ಗೂ, ಹೀಗೆಯೇ ಬಳಸುವ ಜಿಎಪಿಡಿಎಚ್ ಜೀನ್‌ಗೂ ಮನುಷ್ಯನ ಜೀನೋಮಿನಲ್ಲಿ ಇಂಟ್ರಾನ್ ಇಲ್ಲದ ಹುಸಿ ಪ್ರತಿಗಳು ಹಲವಾರು ಇವೆ. ಅವುಗಳಿಂದ ಬರುವ ಬ್ಯಾಂಡ್ ಎಂಆರ್‌ಎನ್‌ಎಯಿಂದ ಬರುವಷ್ಟೇ ಅಳತೆಯದು. ಅಕ್ಷರಗಳೂ ಹತ್ತಿರ ಹತ್ತಿರ ಒಂದೇ ಆದ್ದರಿಂದ ಮೆಲ್ಟ್ ಕರ್ವ್ (ಬಿಸಿಗೆ ಡಿಎನ್‌ಎ ಬಿಚ್ಚಿಕೊಳ್ಳುವುದನ್ನು ತೋರಿಸುವ ಗೆರೆ) ಕೂಡ ಎರಡನ್ನೂ ಬೇರ್ಪಡಿಸದೆ ಹೋಗಬಹುದು. ಎಕ್ಸಾನ್ ಸಂಧಿಯ ಮೇಲೆಯೇ ಪ್ರೈಮರ್ ಕೂರಿಸಿದರೂ ಪ್ರಯೋಜನವಿಲ್ಲ, ಹುಸಿಯಲ್ಲಿ ಆ ಸಂಧಿ ಆಗಲೇ ಕೂಡಿಕೊಂಡಿದೆ.

ಮಾಡಬೇಕಾದ್ದು ಡಿಎನ್‌ಎಯನ್ನೇ ತೆಗೆಯುವುದು. 1 ಮೈಕ್ರೋಗ್ರಾಂ ಆರ್‌ಎನ್‌ಎಗೆ 1 ಯೂನಿಟ್ ಆರ್‌ಎನ್‌ಏಸ್ ಇಲ್ಲದ ಡಿಎನ್‌ಏಸ್-1, 10 ಮೈಕ್ರೋಲೀಟರ್ ಮಿಶ್ರಣ, 37 ಡಿಗ್ರಿಯಲ್ಲಿ 30 ನಿಮಿಷ. ಆಮೇಲೆ 50 ಮಿಲಿಮೋಲಾರ್ ಇಡಿಟಿಎ 1 ಮೈಕ್ರೋಲೀಟರ್ ಸೇರಿಸಿ 65 ಡಿಗ್ರಿಯಲ್ಲಿ 10 ನಿಮಿಷ. ನಿಮ್ಮ ಕಿಟ್ಟಿನ ಕಾಗದ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಇಡಿಟಿಎ ಹಾಕದೆ ಕಾಯಿಸಬಾರದು, ಮೆಗ್ನೀಸಿಯಂ ಇರುವಾಗ ಬಿಸಿ ತಗುಲಿದರೆ ಆರ್‌ಎನ್‌ಎಯೇ ತುಂಡಾಗುತ್ತದೆ.

ಪ್ರೈಮರ್ ಹುಡುಕುವಾಗ ಎಂಆರ್‌ಎನ್‌ಎ ಪಟ್ಟಿಯ ವಿರುದ್ಧ ಮಾತ್ರ ನೋಡಿದರೆ ಹುಸಿಗಳು ಕಾಣುವುದಿಲ್ಲ, ಇಡೀ ಜೀನೋಮಿನ ವಿರುದ್ಧ ನೋಡಿ. ಹುಸಿಗಳಿಗಿಂತ ಬೇರೆಯಾದ ಅಕ್ಷರ ಪ್ರೈಮರಿನ 3' ತುದಿಯಲ್ಲೇ ಬರುವಂತೆ ಆರಿಸಿ. ನಡುವೆ ಬಂದರೆ ಪಾಲಿಮರೇಸ್ ಅದನ್ನು ಸಹಿಸಿಕೊಂಡು ಮುಂದೆ ಹೋಗುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬನ್ನು ಪ್ರತಿ ಸ್ಯಾಂಪಲ್ಲಿಗೂ ಇಡಿ. ಆ ಕಿಣ್ವ ಹಾಕಿದ್ದಕ್ಕಿಂತ ಅದು 7 ಸೈಕಲ್ ತಡವಾಗಿ ಬಂದರೆ ಬೆರಕೆ 128ರಲ್ಲಿ ಒಂದು ಪಾಲು, ಶೇ 1ಕ್ಕಿಂತ ಕಡಿಮೆ. ಎರಡು ಮೂರು ಸೈಕಲ್ ಅಂತರವಷ್ಟೇ ಇದ್ದರೆ ಆ ಫಲಿತಾಂಶವನ್ನು ಕೈಬಿಡಿ. ರೆಫರೆನ್ಸೇ ಸುಳ್ಳಾದರೆ ಅದಕ್ಕೆ ಹೋಲಿಸಿದ ಬೇರೆ ಎಲ್ಲ ಅಂಕಿಯೂ ಸುಳ್ಳಾಗುತ್ತದೆ.

ಪ್ರಶ್ನೆ: ನಾನು ಮೂರು ತಿಂಗಳ ಗರ್ಭಿಣಿ. ಎಚ್‌ಬಿಎ2 5.2 ಬಂದು ‘ಬೀಟಾ ಥಲಸ್ಸೀಮಿಯಾ ವಾಹಕಿ’ ಎಂದಿದ್ದಾರೆ. ಹಿಮೋಗ್ಲೋಬಿನ್ ಕುಟುಂಬದಲ್ಲೂ ಹುಸಿ ಜೀನ್ ಇದೆ ಎಂದು ಓದಿದೆ. ಅದರಿಂದ ಪರೀಕ್ಷೆ ತಪ್ಪಾಗಿರಬಹುದೇ?
— ಗಂಗಾವತಿ

ಉತ್ತರ: ಇಲ್ಲ. 11ನೇ ಕ್ರೋಮೋಸೋಮಿನಲ್ಲಿ ಎಪ್ಸಿಲಾನ್, ಎರಡು ಗಾಮಾ, ಹುಸಿ ಬೀಟಾ, ಡೆಲ್ಟಾ, ಬೀಟಾ ಎಂದು ಅಣ್ಣತಮ್ಮಂದಿರು ಸಾಲಾಗಿ ನಿಂತಿದ್ದಾರೆ. ಹುಸಿ ಬೀಟಾದಿಂದ ಪ್ರೋಟೀನೇ ಬರುವುದಿಲ್ಲ. ನಿಮ್ಮ ಪರೀಕ್ಷೆ ಅಳೆದದ್ದು ಪ್ರೋಟೀನನ್ನು, ಅದರಲ್ಲಿ ಹುಸಿಗೆ ಜಾಗವಿಲ್ಲ. ಎಚ್‌ಬಿಎ2 ಎಂದರೆ ಡೆಲ್ಟಾ ಜೀನ್‌ನ ಹಿಮೋಗ್ಲೋಬಿನ್, ಸಾಮಾನ್ಯವಾಗಿ ನೂರಕ್ಕೆ 2ರಿಂದ 3.5ರೊಳಗೆ. ಬೀಟಾ ಕಡಿಮೆಯಾದಾಗ ಇದರ ಪಾಲು ಏರುತ್ತದೆ. ಕಬ್ಬಿಣದ ಕೊರತೆಯಲ್ಲಿ ಎಚ್‌ಬಿಎ2 ಸ್ವಲ್ಪ ಇಳಿಯುತ್ತದೆ, ಅಂದರೆ 3.4, 3.5 ಬಂದವರಲ್ಲಿ ವಾಹಕರು ತಪ್ಪಿಸಿಕೊಳ್ಳಬಹುದು. 5.2ರಲ್ಲಿ ಆ ಗೊಂದಲವಿಲ್ಲ.

ನೀವು ತಡಮಾಡದೆ ಮಾಡಬೇಕಾದ್ದು ಒಂದೇ, ಯಜಮಾನರ ರಕ್ತವನ್ನು ಇದೇ ವಾರ ಪರೀಕ್ಷೆಗೆ ಕೊಡಿ. ಅವರದು ಸರಿಯಿದ್ದರೆ ಮಗುವಿಗೆ ಥಲಸ್ಸೀಮಿಯಾ ಮೇಜರ್, ಅಂದರೆ ಈ ರಕ್ತರೋಗದ ತೀವ್ರ ರೂಪದ ಭಯ ಬೇಡ. ಅವರೂ ವಾಹಕರಾದರೆ ನಾಲ್ಕಕ್ಕೆ ಒಂದು ಸಂಭವ. ಆಗ ಇಬ್ಬರ ಬೀಟಾ ಜೀನ್ ಓದಿಸಿ, ಮಗುವಿನ ಪರೀಕ್ಷೆಗೆ ಹೋಗಬೇಕು. ಹೆರಿಗೆ ವೈದ್ಯರಿಗೆ ಬಸಿರಿನ ವಾರ ಎಷ್ಟೆಂದು ಹೇಳಿ ಮಾತಾಡಿ. ಆ ಜೀನ್ ಓದುವಾಗ ಮಾತ್ರ ಲ್ಯಾಬಿನವರು ಡೆಲ್ಟಾ ಜೊತೆ ಬೆರೆಯದಂತೆ ಪ್ರೈಮರ್ ಇಡಬೇಕಾಗುತ್ತದೆ. ಬೀಟಾ, ಡೆಲ್ಟಾ ಪ್ರೋಟೀನ್‌ಗಳಲ್ಲಿ 146 ಅಮೈನೋ ಆಮ್ಲಗಳ ಪೈಕಿ ಬೇರೆಯಾಗಿರುವುದು 10 ಮಾತ್ರ.

ಪ್ರಶ್ನೆ: ದರೋಜಿಯ ಕರಡಿಗಳು ನೆಲದೊಳಗಿನ ಗೆದ್ದಲನ್ನೂ ಮೂಗಿನಿಂದ ಪತ್ತೆ ಮಾಡುತ್ತವೆ. ನಮ್ಮ ಮೂಗು ಏಕೆ ಹಿಂದೆ ಬಿತ್ತು?
— ಸಂಡೂರು

ಉತ್ತರ: ವಾಸನೆ ಹಿಡಿಯುವ ಗ್ರಾಹಕಗಳು ಮನುಷ್ಯನ ಅತಿ ದೊಡ್ಡ ಜೀನ್ ಕುಟುಂಬಗಳಲ್ಲಿ ಒಂದು. ಸದಸ್ಯರು 800ಕ್ಕೂ ಹೆಚ್ಚು, ಕೆಲಸ ಮಾಡುವವು ಸುಮಾರು 400, ಉಳಿದವು ಹುಸಿ. ಇಲಿಯಲ್ಲಿ ಕೆಲಸ ಮಾಡುವವೇ 1,000 ದಾಟುತ್ತವೆ, ಆಫ್ರಿಕದ ಆನೆಯಲ್ಲಿ 2,000ದ ಹತ್ತಿರ. ಈ ಕುಟುಂಬವನ್ನು 1991ರಲ್ಲಿ ತೋರಿಸಿಕೊಟ್ಟ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಕೆಲವು ಗ್ರಾಹಕ ಜೀನ್‌ಗಳು ಒಬ್ಬರಲ್ಲಿ ಅಸಲಿ, ಇನ್ನೊಬ್ಬರಲ್ಲಿ ಹುಸಿ. ಒಂದೇ ವಾಸನೆ ಮನೆಯಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರಲು ಇದೂ ಒಂದು ಕಾರಣ. ಕೊಪ್ಪಳದ ಉಪನ್ಯಾಸಕರು ಗಮನಿಸಬೇಕಾದ್ದು: ಈ ಕುಟುಂಬದ ಅಸಲಿ ಜೀನ್‌ಗಳಲ್ಲೂ ಪ್ರೋಟೀನ್ ಬರೆಯುವ ಭಾಗಕ್ಕೆ ಸಾಮಾನ್ಯವಾಗಿ ಇಂಟ್ರಾನ್ ಇಲ್ಲ. ಇಂಟ್ರಾನ್ ಇಲ್ಲದ್ದೆಲ್ಲ ಎಂಆರ್‌ಎನ್‌ಎಯಿಂದ ಬಂದ ಪ್ರತಿ ಎಂದು ಇಲ್ಲಿ ತೀರ್ಮಾನಿಸಿದರೆ ತಪ್ಪಾಗುತ್ತದೆ.

ಪ್ರಶ್ನೆ: ಹುಸಿಯಾದ ಜೀನ್ ಮತ್ತೆ ಜೀವ ಪಡೆಯಬಹುದೇ?
— ಬಿ.ಎಸ್‌ಸಿ. ವಿದ್ಯಾರ್ಥಿ, ಸಿಂಧನೂರು

ಉತ್ತರ: ಅಪರೂಪಕ್ಕೆ. ರೋಗಾಣುಗಳ ವಿರುದ್ಧ ಕೆಲಸ ಮಾಡುವ ಐಆರ್‌ಜಿಎಂ ಜೀನ್ ಕೋತಿಗಳ ಪೂರ್ವಜರಲ್ಲಿ ಆಲು ಎಂಬ ಜಿಗಿಯುವ ಡಿಎನ್‌ಎ ತುಣುಕೊಂದು ನುಗ್ಗಿ ಕೆಟ್ಟಿತ್ತು. ಮನುಷ್ಯ ಮತ್ತು ವಾನರರ ಕವಲಿನಲ್ಲಿ ಹಳೆಯ ವೈರಸ್ಸಿನ ತುಣುಕೊಂದು ಪಕ್ಕಕ್ಕೆ ಬಂದು ಸೇರಿ ಅದನ್ನು ಮತ್ತೆ ಚಾಲೂ ಮಾಡಿತು. ಪ್ರೋಟೀನ್ ಮಾಡದೆಯೂ ಉಪಯೋಗಕ್ಕೆ ಬರುವವಿವೆ. ಕ್ಯಾನ್ಸರ್ ತಡೆಯುವ ಪಿಟಿಇಎನ್ ಜೀನ್‌ನ ಹುಸಿ ಪ್ರತಿಯಿಂದ ಆರ್‌ಎನ್‌ಎ ಬರುತ್ತದೆ. ಅಸಲಿಯ ಸಂದೇಶವನ್ನು ಅಡಗಿಸುವ ಮೈಕ್ರೋಆರ್‌ಎನ್‌ಎ ಎಂಬ ಕಿರು ಆರ್‌ಎನ್‌ಎಗಳನ್ನು ಅದು ತನ್ನ ಮೇಲೆ ಎಳೆದುಕೊಂಡು ಅಸಲಿಯನ್ನು ಕಾಯುತ್ತದೆ ಎಂದು 2010ರಲ್ಲಿ ಕೋಶಗಳ ಮೇಲಿನ ಪ್ರಯೋಗ ತೋರಿಸಿತು. ಹೀಗೆ ಕೆಲಸ ಸಾಬೀತಾದವು 14,000ದಲ್ಲಿ ಕೆಲವೇ ಕೆಲವು. ಉಳಿದವುಗಳಲ್ಲಿ ಬಹುಪಾಲು ತಲೆಮಾರಿನಿಂದ ತಲೆಮಾರಿಗೆ ಅಕ್ಷರ ಕಳೆದುಕೊಳ್ಳುತ್ತಲೇ ಇವೆ.